ಮೊಳೆಗೆ ವಾರಸುದಾರರು ಬೇಕಾಗಿದ್ದಾರೆ

2024ರ ಅಕ್ಟೋಬರ್ 14ರ ಮಧ್ಯರಾತ್ರಿ ಮುಂಬಯಿಯ ಐದು ಹೆಬ್ಬಾಗಿಲುಗಳಲ್ಲಿ ಕಾರುಗಳಿಗೆ ಟೋಲ್ ಮಾಫಾಯಿತು. ದಹಿಸರ್, ಐರೋಲಿ, ವಾಶಿ, ಮುಲುಂಡಿನ ಎರಡು ನಾಕಾಗಳು. ಮರುದಿನವೇ ವಿಧಾನಸಭಾ ಚುನಾವಣೆಯ ದಿನಾಂಕ ಪ್ರಕಟವಾಯಿತು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಮಂತ್ರಿಮಂಡಲವೇ ಮುಹೂರ್ತ ಇಟ್ಟುಕೊಟ್ಟಿರುವಾಗ ನಾವು ನಡುವೆ ಬಾಯಿ ಹಾಕುವುದು ಬೇಡ. ಹೋದಾಗೊಮ್ಮೆ ಬಂದಾಗೊಮ್ಮೆ ಕೊಡುತ್ತಿದ್ದ ನಲವತ್ತೈದು ರೂಪಾಯಿ ಉಳಿಯಿತು ಎಂದು ಕಾರಿನವರೆಲ್ಲ ಹಿಗ್ಗಿದರು.

ಹಿಗ್ಗಿದ್ದು ಟಯರಿಗೆ ಕೇಳಿಸಿರಬೇಕು. ಏಕೆಂದರೆ ಈ ಊರಿನಲ್ಲಿ ಇನ್ನೊಂದು ಟೋಲ್ ಇದೆ. ಅದಕ್ಕೆ ನಾಕಾ ಇಲ್ಲ, ರಸೀದಿ ಇಲ್ಲ, ಫಾಸ್ಟ್ಯಾಗ್ ಇಲ್ಲ, ಅದರ ವಿರುದ್ಧ ಆಂದೋಲನ ಹೂಡಿದ ಪಕ್ಷವೂ ಇಲ್ಲ. ವಸೂಲಿಗೆ ಕುಳಿತಿರುವುದು ಎರಡು ಇಂಚಿನ ಒಂದು ಮೊಳೆ. ಒಂದು ಸಲದ ದರ ನೂರೈವತ್ತು, ಇನ್ನೂರು. ಸಂದರ್ಭ ನೋಡಿ, ಹೊತ್ತು ನೋಡಿ, ನಿಮ್ಮ ಅಂಗಿಯ ಇಸ್ತ್ರಿ ನೋಡಿ ಹೆಚ್ಚೂ ಆಗಬಹುದು. ಇಷ್ಟು ನಿಷ್ಪಕ್ಷಪಾತವಾದ ತೆರಿಗೆಯನ್ನು ಯಾವ ಹಣಕಾಸು ಮಂತ್ರಿಯೂ ಇದುವರೆಗೆ ರೂಪಿಸಿಲ್ಲ. ಮಲಬಾರ್ ಹಿಲ್ಲಿನ ಜರ್ಮನ್ ಕಾರಿಗೂ ನಾಲಾಸೋಪಾರಾದ ಟ್ಯಾಕ್ಸಿಗೂ ಒಂದೇ ಮೊಳೆ.

ಮೊಳೆ ಸ್ವಭಾವತಃ ಸೋಮಾರಿ. ರಸ್ತೆಯ ಮೇಲೆ ಅಡ್ಡ ಮಲಗಿರುತ್ತದೆ. ಮಲಗಿದ ಮೊಳೆಯಿಂದ ಯಾರಿಗೂ ಕೇಡಿಲ್ಲ. ಮುಂದಿನ ಚಕ್ರ ಅದನ್ನು ತುಳಿದು ಎಬ್ಬಿಸುತ್ತದೆ, ಹಿಂದಿನ ಚಕ್ರ ನೆಟ್ಟಗೆ ನಿಂತ ಅದರ ಮೇಲೆ ಹೋಗುತ್ತದೆ. ಅದಕ್ಕೇ ಪಂಕ್ಚರ್ ಆಗುವುದು ಹೆಚ್ಚಾಗಿ ಹಿಂದಿನ ಟಯರು. ಮುಂದೆ ಹೋದವರು ಎಬ್ಬಿಸಿಟ್ಟದ್ದನ್ನು ಹಿಂದೆ ಬಂದವರು ಅನುಭವಿಸುವ ಪದ್ಧತಿ ಪಾಲಿಕೆಯ ವ್ಯವಹಾರ ಬಲ್ಲವರಿಗೆ ಹೊಸದೇನಲ್ಲ. ಮಳೆಗಾಲದಲ್ಲಿ ಮೊಳೆಗೆ ಸುಗ್ಗಿ. ಅಂಚಿನಲ್ಲಿ ಬಿದ್ದಿದ್ದನ್ನು ನೀರು ರಸ್ತೆಯ ನಡುವಿಗೆ ತಂದು ಹಾಕುತ್ತದೆ. ಒದ್ದೆ ರಬ್ಬರಿನೊಳಗೆ ಲೋಹ ಸಲೀಸಾಗಿ ಇಳಿಯುತ್ತದೆ. ಹಿಂದ್‌ಮಾತಾದಲ್ಲಿ, ಅಂಧೇರಿ ಸಬ್‌ವೇಯಲ್ಲಿ ಮೊಣಕಾಲುದ್ದ ನೀರು ನಿಂತಾಗ ತಳದಲ್ಲಿ ಏನೇನಿದೆ ಎಂಬುದು ವರುಣನಿಗೆ ಮತ್ತು ನಿಮ್ಮ ಟಯರಿಗೆ ಮಾತ್ರ ಗೊತ್ತು.

ಒಂದು ಸಮಾಧಾನವೆಂದರೆ ಈಗಿನ ಕಾರುಗಳದ್ದು ಟ್ಯೂಬ್‌ಲೆಸ್ ಟಯರು. ಚುಚ್ಚಿದ ಮೊಳೆಯೇ ತೂತಿಗೆ ಬಿರಡೆಯಾಗಿ ಕೂರುತ್ತದೆ, ಗಾಳಿ ಒಮ್ಮೆಗೇ ಹೋಗುವುದಿಲ್ಲ. ತೂತು ಮಾಡಿದವರೇ ತೂತು ಮುಚ್ಚುವ ಗುತ್ತಿಗೆಯನ್ನೂ ಹಿಡಿದುಕೊಳ್ಳುವ ಈ ಏರ್ಪಾಡು ಮುಂಬಯಿಯವರಿಗೆ ಚೆನ್ನಾಗಿ ಒಗ್ಗಿದೆ. ಆದ್ದರಿಂದ ಮೊಳೆ ಕಣ್ಣಿಗೆ ಬಿದ್ದ ಕೂಡಲೇ ಕೀಳಲು ಹೋಗಬಾರದು. ಗಾಳಿ ಎಷ್ಟಿದೆ ನೋಡಿ, ಇದ್ದರೆ ನಿಧಾನವಾಗಿ ಅಂಗಡಿಯ ತನಕ ಹೋಗಬೇಕು. ಪಾರ್ಕಿಂಗಿನಲ್ಲಿ ಇಕ್ಕಳ ತಂದು ಶೌರ್ಯ ತೋರಿಸಿದವರು ಆಮೇಲೆ ಜ್ಯಾಕ್ ಹುಡುಕಬೇಕಾಗುತ್ತದೆ. ಜ್ಯಾಕ್ ಇರುವುದು ಡಿಕ್ಕಿಯಲ್ಲಿ, ಡಿಕ್ಕಿಯಲ್ಲಿ ಸಿಎನ್‌ಜಿ ಸಿಲಿಂಡರು, ಅದರ ಸಂದಿಯಲ್ಲಿ ಸ್ಟೆಪ್ನಿ, ಅದರ ಮೇಲೆ ಊರಿನಿಂದ ತಂದ ಕುಚ್ಚಲಕ್ಕಿಯ ಮೂಟೆ.

ಸ್ಟೆಪ್ನಿ ಇದ್ದರೆ ಪುಣ್ಯವಂತರು ಎನ್ನಬೇಕು. 2020ರ ಜುಲೈಯಲ್ಲಿ ಕೇಂದ್ರದ ಹೆದ್ದಾರಿ ಸಚಿವಾಲಯ ನಿಯಮ ತಿದ್ದಿತು. ಟ್ಯೂಬ್‌ಲೆಸ್ ಟಯರು, ಗಾಳಿಯ ಒತ್ತಡ ತೋರಿಸುವ ಉಪಕರಣ, ಪಂಕ್ಚರ್ ಸರಿಪಡಿಸುವ ಕಿಟ್ ಇಷ್ಟಿದ್ದರೆ ಕಾರಿನಲ್ಲಿ ಸ್ಟೆಪ್ನಿ ಬೇಕಾಗಿಲ್ಲ. ಜಾಗ ಉಳಿಯುತ್ತದೆ, ತೂಕ ಇಳಿಯುತ್ತದೆ ಎಂಬ ಕಾರಣ ಸುಳ್ಳಲ್ಲ. ಕಂಪನಿಗೆ ಒಂದು ಚಕ್ರ ಉಳಿಯುವುದೂ ಸುಳ್ಳಲ್ಲ. ಇನ್ನು ಕಿಟ್ಟಿನೊಳಗಿನ ತಿರುಪುಳಿಯಂಥ ಸೂಜಿಯನ್ನು ಮೈ ಬಗ್ಗಿಸಿ ಟಯರಿನೊಳಗೆ ತಿರುಗಿಸಬಲ್ಲ ಕಾರಿನ ಮಾಲೀಕ ಎಲ್ಲಿದ್ದಾನೆ? ಇದ್ದರೆ ಅವನು ಕಾರಿನ ಮಾಲೀಕನಲ್ಲ, ಪಂಕ್ಚರ್ ಅಂಗಡಿಯ ಮಾಲೀಕ.

ಹಾಗಾದರೆ ರಸ್ತೆಯಲ್ಲಿ ಬಿದ್ದಿರುವ ಈ ಮೊಳೆ ಯಾರದು?

ಪಶ್ಚಿಮದ ಎಕ್ಸ್‌ಪ್ರೆಸ್ ಹೈವೇ ಮೊದಲು ಲೋಕೋಪಯೋಗಿ ಇಲಾಖೆಯದಾಗಿತ್ತು, ಆಮೇಲೆ ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರವಾದ ಎಂಎಂಆರ್‌ಡಿಎಗೆ ಹೋಯಿತು, 2022ರಲ್ಲಿ ಪಾಲಿಕೆಯ ಮಡಿಲಿಗೆ ಬಿತ್ತು. ಬಾಂದ್ರಾ–ವರಳಿ ಸೀ ಲಿಂಕ್ ರಾಜ್ಯದ ರಸ್ತೆ ಅಭಿವೃದ್ಧಿ ನಿಗಮವಾದ ಎಂಎಸ್‌ಆರ್‌ಡಿಸಿಯದು. ಅಟಲ್ ಸೇತು ಎಂಎಂಆರ್‌ಡಿಎಯದು. ಕೋಸ್ಟಲ್ ರೋಡು ಪಾಲಿಕೆಯದು. ವರಳಿಯಲ್ಲಿ ಕೋಸ್ಟಲ್ ರೋಡು ಸೀ ಲಿಂಕಿಗೆ ಕೂಡುವ ಕಡೆ ಬಿದ್ದ ಮೊಳೆಯ ತಲೆ ಪಾಲಿಕೆಯದಾಗಿದ್ದು ಮೊನೆ ನಿಗಮದ್ದಾಗಿರುವ ಸಾಧ್ಯತೆ ಇದೆ. ಚುಚ್ಚಿದ್ದು ಮೊನೆ ತಾನೇ ಎಂದು ಪಾಲಿಕೆ ಕೇಳಬಹುದು. ಹೊಡೆತ ಬೀಳುವುದು ತಲೆಗೆ ಅಲ್ಲವೇ ಎಂದು ನಿಗಮ ಉತ್ತರಿಸಬಹುದು. ನಿಮ್ಮ ವಾರ್ಡಿನ ನಗರಸೇವಕರ ಹತ್ತಿರ ಹೋಗಿ ಎನ್ನುವ ಹಾಗೂ ಇರಲಿಲ್ಲ. ಪಾಲಿಕೆಯ ಅವಧಿ 2022ರ ಮಾರ್ಚಿನಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ 227 ವಾರ್ಡುಗಳಲ್ಲಿ ನಗರಸೇವಕರೇ ಇಲ್ಲದೆ ಆಡಳಿತಾಧಿಕಾರಿಯೇ ದರ್ಬಾರು ನಡೆಸಿದರು. ಆ ವರ್ಷಗಳಲ್ಲಿ ಮುಂಬಯಿಯ ರಸ್ತೆಗಳಲ್ಲಿ ಜನರನ್ನು ತಪ್ಪದೆ ಭೇಟಿಯಾಗುತ್ತಿದ್ದ ಪ್ರತಿನಿಧಿ ಮೊಳೆಯೊಂದೇ.

ಅಟಲ್ ಸೇತುವಿನ ಮಾತು ಬೇರೆ. ಕಾರಿಗೆ ಒಂದು ಕಡೆಗೆ ಇನ್ನೂರೈವತ್ತು ರೂಪಾಯಿ ಕೊಟ್ಟು 21.8 ಕಿಲೋಮೀಟರ್ ಹೋಗಬೇಕು, ಅದರಲ್ಲಿ ಹದಿನಾರೂವರೆ ಕಿಲೋಮೀಟರ್ ಸಮುದ್ರದ ಮೇಲೆ. ನಿಲ್ಲಿಸಬಾರದು, ಇಳಿಯಬಾರದು, ಫೋಟೋ ತೆಗೆಯಬಾರದು. ಟಯರಿಗೆ ಈ ಸೂಚನೆಗಳನ್ನು ಯಾರೂ ಓದಿ ಹೇಳಿರುವುದಿಲ್ಲ. ನಡುಸೇತುವೆಯಲ್ಲಿ ಅದು ನಿಂತರೆ, ಬಲಗಡೆ ಸಮುದ್ರ, ಎಡಗಡೆ ಫ್ಲೆಮಿಂಗೋಗಳ ಕೆಸರು, ಹಿಂದೆ ನೂರರ ವೇಗದಲ್ಲಿ ಬರುತ್ತಿರುವ ದೇಶದ ಪ್ರಗತಿ.

ಮೊಳೆಯ ಜವಾಬ್ದಾರಿಯಿಂದ ನುಣುಚಿಕೊಳ್ಳುವ ಕಲೆಯಲ್ಲಿ ಶಿಖರ ಮುಟ್ಟಿದ್ದು ಮಾತ್ರ ಮುಂಬಯಿ–ನಾಗ್ಪುರ ಸಮೃದ್ಧಿ ಮಹಾಮಾರ್ಗ. 701 ಕಿಲೋಮೀಟರ್ ಉದ್ದದ ಈ ಹೆದ್ದಾರಿ 2025ರ ಜೂನ್ 5ರಂದು ಭಿವಂಡಿಯ ಹತ್ತಿರದ ಆಮಣೆಯವರೆಗೆ ಪೂರ್ತಿಯಾಗಿ ತೆರೆಯಿತು. ಅದಕ್ಕೂ ಮೊದಲು, 2024ರ ಡಿಸೆಂಬರ್ ಕೊನೆಯ ಒಂದು ರಾತ್ರಿ, ವಾಶಿಮ್ ಜಿಲ್ಲೆಯಲ್ಲಿ ಕಬ್ಬಿಣದ ಫಲಕವೊಂದು ರಸ್ತೆಯ ಮೇಲೆ ಬಿದ್ದು ಐವತ್ತಕ್ಕೂ ಹೆಚ್ಚು ವಾಹನಗಳು ಸಾಲಾಗಿ ಪಂಕ್ಚರಾಗಿ ಕೂತಿದ್ದವು. ಚಕ್ರದ ಮೇಲೆ ಹೋಗುವವರಿಗೆ ದಾರಿ ತೋರಿಸಬೇಕಾದ ಫಲಕ ಚಕ್ರದ ಕೆಳಗೇ ಹೋಗಿ ದಾರಿ ತಪ್ಪಿಸಿತು. ಇದು ಅಪಘಾತ ಎನ್ನೋಣ. 2025ರ ಸೆಪ್ಟೆಂಬರಿನಲ್ಲಿ ಛತ್ರಪತಿ ಸಂಭಾಜಿನಗರದ ಬಳಿ ನಡೆದದ್ದಕ್ಕೆ ಏನೆನ್ನೋಣ? ರಾತ್ರಿ ಹೊತ್ತು ಹೆದ್ದಾರಿಯ ಮೈಮೇಲೆ ಸಾಲುಸಾಲಾಗಿ ಮೊಳೆಗಳು ನಿಂತಿವೆ, ಕಾರುಗಳ ಟಯರು ಹೋಗುತ್ತಿದೆ ಎಂದು ಸಂತ್ರಸ್ತರೊಬ್ಬರು ವಿಡಿಯೋ ಮಾಡಿ ಹರಿಬಿಟ್ಟರು. ದರೋಡೆಕೋರರ ಕೆಲಸ ಎಂದು ರಾಜ್ಯವೆಲ್ಲ ಗಾಬರಿಯಾಯಿತು. ಆಗ ಎಂಎಸ್‌ಆರ್‌ಡಿಸಿ ಸ್ಪಷ್ಟೀಕರಣ ಕೊಟ್ಟಿತು: ಅವು ಮೊಳೆಗಳಲ್ಲ. ರಸ್ತೆಯಲ್ಲಿ ಬಿಟ್ಟ ಬಿರುಕಿಗೆ ಎಪಾಕ್ಸಿ ತುಂಬಲು ನೆಟ್ಟ ಅಲ್ಯುಮಿನಿಯಂ ನಾಝಲ್‌ಗಳು.

ನೋಡಿ, ಒಂದೇ ಏಟಿಗೆ ಎಷ್ಟು ಸಂಶಯ ಪರಿಹಾರವಾಯಿತು! ದರೋಡೆಕೋರರಿಲ್ಲ. ಮೊಳೆಯಿಲ್ಲ. ಇರುವುದು ಕೆಲವೇ ತಿಂಗಳ ಹಿಂದೆ ಪೂರ್ತಿಯಾದ ಹೆದ್ದಾರಿ, ಅದರಲ್ಲಿ ಬಿರುಕು, ಬಿರುಕಿನಲ್ಲಿ ನಾಝಲ್, ನಾಝಲ್ ಮೇಲೆ ನೀವು. ಹೀಗೆ ಕೇಳಿದ ಮೇಲೆ ದರೋಡೆಕೋರರಾಗಿದ್ದರೇ ವಾಸಿಯಿತ್ತು ಎನಿಸುತ್ತದೆ. ಅವರು ಕನಿಷ್ಠ ರಸ್ತೆ ಗಟ್ಟಿಯಾಗಿದೆ ಎಂದು ನಂಬಿ ಬಂದಿರುತ್ತಾರೆ. ಇದೇ ಹೆದ್ದಾರಿಯಲ್ಲಿ ಅಪಘಾತಗಳು ಹೆಚ್ಚಾದಾಗ ಸಾರಿಗೆ ಅಧಿಕಾರಿಗಳು ಪ್ರವೇಶದ್ವಾರದಲ್ಲಿ ನಿಂತು ಸವೆದ ಟಯರಿನ ವಾಹನಗಳನ್ನು ವಾಪಸು ಕಳಿಸುತ್ತಿದ್ದರು. ರಸ್ತೆ ಟಯರನ್ನು ಪರೀಕ್ಷಿಸಬಹುದು. ಟಯರು ರಸ್ತೆಯನ್ನು ಪರೀಕ್ಷಿಸಿದರೆ ಅದಕ್ಕೆ ಸ್ಪಷ್ಟೀಕರಣ ಬರುತ್ತದೆ.

ನನಗೆ ತಿಳಿದಂತೆ ಈ ದೇಶದಲ್ಲಿ ಸರ್ಕಾರದ ಕಡೆಯಿಂದ ಮೊಳೆಯನ್ನು ಎದೆ ತಟ್ಟಿ ನಮ್ಮದು ಎಂದದ್ದು ಪೊಲೀಸರು ಮಾತ್ರ. 2021ರ ಫೆಬ್ರವರಿಯಲ್ಲಿ ದಿಲ್ಲಿ ಪೊಲೀಸರು ರೈತರ ಟ್ರ್ಯಾಕ್ಟರುಗಳನ್ನು ತಡೆಯಲು ಗಾಜಿಪುರದ ಗಡಿಯಲ್ಲಿ ರಸ್ತೆಗೇ ಮೊಳೆ ನೆಟ್ಟರು. ಚಿತ್ರಗಳು ಲೋಕವೆಲ್ಲ ಸುತ್ತಿದ ಮೇಲೆ ಕಿತ್ತರು. ಕಿತ್ತದ್ದಲ್ಲ, ಜಾಗ ಬದಲಿಸುತ್ತಿದ್ದೇವೆ ಅಷ್ಟೇ ಎಂದರು. ಸಾರ್ವಜನಿಕ ರಸ್ತೆಯನ್ನು ಸಂಚಾರಕ್ಕೆ ಅಪಾಯಕಾರಿ ಮಾಡಿದವರಿಗೆ ಐದು ವರ್ಷದವರೆಗೆ ಸೆರೆ ಎಂದು ಆಗಿನ ದಂಡಸಂಹಿತೆಯ 431ನೇ ಕಲಮು ಹೇಳುತ್ತಿತ್ತು. ಹೊಸ ಸಂಹಿತೆಯಲ್ಲೂ ಅದು ಸಂಖ್ಯೆ ಬದಲಿಸಿಕೊಂಡು ಉಳಿದಿದೆ. ಜಾಗ ಬದಲಿಸುವುದು ಮೊಳೆಗೂ ಕಲಮಿಗೂ ಒಗ್ಗಿದ ವಿದ್ಯೆ.

ಇಲಾಖೆಗಳು ಕೈ ತೊಳೆದುಕೊಂಡ ಮೇಲೆ ಉಳಿಯುವ ಆರೋಪಿ ಒಬ್ಬನೇ. ಮೂಲೆಯ ಪಂಕ್ಚರ್ ಅಂಗಡಿಯವ.

ಮುಂಬಯಿಯ ಹಳೆಯ ಕನ್ನಡಿಗರು ಹೇಳುವುದುಂಟು, ಒಂದು ಕಾಲಕ್ಕೆ ಈ ಊರಿನಲ್ಲಿ ಇಡ್ಲಿ ನಮ್ಮವರದ್ದು, ಟಯರು ಕೇರಳದವರದ್ದು. ಈಗ ಹೆಚ್ಚಾಗಿ ಉತ್ತರಪ್ರದೇಶ, ಬಿಹಾರದ ಹುಡುಗರು. ಫ್ಲೈಓವರಿನ ಕೆಳಗೆ ಅಥವಾ ಪೆಟ್ರೋಲ್ ಪಂಪಿನ ಮಗ್ಗುಲಲ್ಲಿ ಹಳೆಯ ಟಯರೊಂದನ್ನು ಬೋರ್ಡಿನ ಬದಲು ನಿಲ್ಲಿಸಿಟ್ಟು, ಒಂದು ಕಂಪ್ರೆಸರು, ಒಂದು ತೊಟ್ಟಿ ನೀರು, ಒಂದು ಹಗ್ಗದ ಮಂಚ. ರಾತ್ರಿ ಒಂದೂವರೆಗೆ ಘೋಡ್‌ಬಂದರ್ ರೋಡಿನಲ್ಲಿ ಎದ್ದು ಬರುವ ಸೇವೆ ಯಾವ ನಿಗಮದಲ್ಲಿದೆ? ಆದರೂ ನಮ್ಮ ಸಾರ್ವಜನಿಕ ಭಾಷೆಯಲ್ಲಿ ಪಂಕ್ಚರ್ ಹಾಕುವುದು ಬೈಗುಳ. ಜಾಲತಾಣದ ಟ್ರೋಲುಗಳಿರಲಿ, 2025ರ ಏಪ್ರಿಲ್ 14ರಂದು ಹಿಸಾರಿನಲ್ಲಿ ಪ್ರಧಾನಿಯವರೇ, ವಕ್ಫ್ ಆಸ್ತಿ ಪ್ರಾಮಾಣಿಕವಾಗಿ ಬಳಕೆಯಾಗಿದ್ದರೆ ಮುಸ್ಲಿಂ ಯುವಕರು ಸೈಕಲ್ ಪಂಕ್ಚರ್ ಹಾಕಿಕೊಂಡು ಬದುಕು ಸವೆಸಬೇಕಾಗಿರಲಿಲ್ಲ ಎಂದರು. ವಕ್ಫಿನ ತಕರಾರು ಏನೇ ಇರಲಿ, ದೊಡ್ಡ ಸಭೆಗಳಲ್ಲಿ ಹೀಗೆ ಮಾತಾಡುವವರ ಬೆಂಗಾವಲು ಕಾರಿನ ಟಯರಿಗೆ ಗಾಳಿ ತುಂಬಿದವನು ಯಾರು ಎಂದು ಯಾರೂ ವಿಚಾರಿಸುವುದಿಲ್ಲ.

ಕಳ್ಳರು ಇಲ್ಲವೇ ಇಲ್ಲ ಎಂದು ನಾನು ವಕಾಲತ್ತು ಹಾಕುತ್ತಿಲ್ಲ. ಇದ್ದಾರೆ, ಪಳಗಿದವರೇ ಇದ್ದಾರೆ. ಸಿಗ್ನಲ್ಲಿನಲ್ಲಿ ಬೈಕಿನವನೊಬ್ಬ ಪಕ್ಕಕ್ಕೆ ಬಂದು ಗಾಜು ತಟ್ಟುತ್ತಾನೆ. "ಶೇಟ್, ಪೀಛೇ ಹವಾ ನಹೀ ಹೈ." ಬಿದ್ದವರನ್ನು ದಾಟಿಕೊಂಡು ಲೋಕಲ್ ಹಿಡಿಯುವ ಊರಿನಲ್ಲಿ ಅಪರಿಚಿತನೊಬ್ಬ ನಿಮ್ಮ ಹಿಂದಿನ ಟಯರಿನ ಆರೋಗ್ಯಕ್ಕೆ ಮರುಗಿದರೆ ಕಣ್ಣು ತುಂಬಿ ಬರುತ್ತದೆ, ತುಂಬಿದ ಕಣ್ಣಿಗೆ ಮುಂದಿನದು ಕಾಣುವುದಿಲ್ಲ. ಅಂಗಡಿಯೂ ಅವನೇ ಹೇಳುತ್ತಾನೆ, ಮುಂದೆ ಎಡಕ್ಕೆ. ಅಲ್ಲಿ ಟಯರು ಬಿಚ್ಚಿ ತಗಡಿನ ಮರೆಗೆ ಉರುಳಿಸಿಕೊಂಡು ಹೋಗುತ್ತಾರೆ. ಸಾಬೂನು ನೀರು ಹಾಕಿ ಗುಳ್ಳೆ ತೋರಿಸುತ್ತಾರೆ. "ಏಕ್ ನಹೀ ಶೇಟ್, ಪಾಂಚ್ ಹೈ." ಮೊಳೆ ಮಾಡಿದ್ದು ಒಂದು, ಅಂಗೈಯಲ್ಲಿ ಅಡಗಿದ ದಬ್ಬಣ ಮಾಡಿದ್ದು ನಾಲ್ಕು. ಪಂಕ್ಚರುಗಳ ಸಂಖ್ಯೆ ನೀವು ಮೊಬೈಲು ನೋಡುತ್ತಾ ನಿಂತ ಹೊತ್ತಿಗೆ ಸರಿಯಾಗಿ ಬೆಳೆಯುತ್ತದೆ. ಇನ್ನೊಂದು ಪಂಗಡಕ್ಕೆ ಟಯರಿನಲ್ಲಿ ಆಸಕ್ತಿಯೇ ಇಲ್ಲ. ನೀವು ಬಗ್ಗಿ ಚಕ್ರ ನೋಡುವಾಗ ಆ ಕಡೆಯ ಬಾಗಿಲಿನಿಂದ ಲ್ಯಾಪ್‌ಟಾಪು ಇಳಿದು ಹೋಗಿರುತ್ತದೆ. ಪೊಲೀಸರು ಇವರಿಗೆ ಠಕ್‌ಠಕ್ ಗ್ಯಾಂಗ್ ಎಂದು ಹೆಸರಿಟ್ಟಿದ್ದಾರೆ. ಮೊಳೆಗೆ ಸಿಗದ ಹೆಸರು ಇವರಿಗಾದರೂ ಸಿಕ್ಕಿತು.

ಉಪಾಯ ಇಲ್ಲದಿಲ್ಲ. ಟಯರು ಕಣ್ಣಿನಿಂದ ಮರೆಯಾಗಬಾರದು, ಕಿತ್ತ ಮೊಳೆ ನಿಮ್ಮ ಕೈಗೆ ಬರಬೇಕು, ಸಿಕ್ಕ ತೂತಿಗೆಲ್ಲ ಸೀಮೆಸುಣ್ಣದ ಗುರುತು ಬೀಳಬೇಕು. ಕಂದು ಬಣ್ಣದ ಅಂಟು ಬತ್ತಿಯನ್ನು ಹೊರಗಿನಿಂದ ತುರುಕುವುದು ಹತ್ತು ನಿಮಿಷದ ಕೆಲಸ. ಟಯರನ್ನು ರಿಮ್ಮಿನಿಂದ ಬಿಡಿಸಿ ಒಳಗಿನಿಂದ ಅಣಬೆಯಾಕಾರದ ಪ್ಲಗ್ಗು ಹಾಕಿಸುವುದು ದುಬಾರಿ, ಆದರೆ ಕಾಯಂ. ತೂತು ಆರು ಮಿಲಿಮೀಟರಿಗಿಂತ ದೊಡ್ಡದಾದರೆ ಅಥವಾ ಟಯರಿನ ಪಕ್ಕೆಗೆ ಬಿದ್ದರೆ ಯಾವ ಬತ್ತಿಯೂ ನಡೆಯದು, ಹೊಸ ಟಯರೇ ಗತಿ. ಪಕ್ಕೆಗೂ ಬತ್ತಿ ಹಾಕಿಕೊಡುತ್ತೇನೆ ಎನ್ನುವವನು ನಿಮ್ಮ ವಿಮಾ ಏಜೆಂಟರ ಸ್ನೇಹಿತನಿರಬೇಕು.

ಪಂಕ್ಚರ್ ಹಾಕಿಸಿ ಗಾಳಿಗೆ ಹೋದರೆ ಅಲ್ಲಿ ಇನ್ನೊಂದು ಲೋಕ. ಪೆಟ್ರೋಲ್ ಪಂಪಿನಲ್ಲಿ ಗಾಳಿ ಪುಕ್ಕಟೆ ಕೊಡಬೇಕೆಂದು ತೈಲ ಕಂಪನಿಗಳ ಕಟ್ಟಳೆ. ಆದ್ದರಿಂದ ಪುಕ್ಕಟೆ ಗಾಳಿಯ ಯಂತ್ರ ಕೆಟ್ಟಿರುತ್ತದೆ, ಪಕ್ಕದ ನೈಟ್ರೋಜನ್ ಯಂತ್ರ ಗುಂಡುಕಲ್ಲಿನ ಹಾಗೆ ಗಟ್ಟಿಮುಟ್ಟಾಗಿರುತ್ತದೆ. ದುಡ್ಡು ಕೊಟ್ಟರೆ ನೈಟ್ರೋಜನ್ ತುಂಬಿ ವಾಲ್ವಿಗೆ ಹಸಿರು ಮುಚ್ಚಳ ತೊಡಿಸಿ ಕಳಿಸುತ್ತಾರೆ. ವಿಮಾನದ ಟಯರಿಗೂ ಇದನ್ನೇ ಹಾಕುವುದು ಎಂದು ಹುಡುಗ ಹೇಳುವುದು ನಿಜ. ಸಾಕಿನಾಕಾದಲ್ಲಿ ಗಂಟೆಗೆ ಎಂಟು ಕಿಲೋಮೀಟರ್ ವೇಗದಲ್ಲಿ ಹೋಗುವ ವಿಮಾನ ಯಾವುದು ಎಂದು ಕೇಳಬೇಡಿ. ಪುಕ್ಕಟೆ ಗಾಳಿಯಲ್ಲೂ ನೂರಕ್ಕೆ 78 ಪಾಲು ನೈಟ್ರೋಜನ್ನೇ ಇದೆ ಎಂಬ ಶಾಲೆಯ ಪಾಠವನ್ನೂ ಎತ್ತಬೇಡಿ; ಹಿಂದಿನ ಕಾರಿನವರು ಹಾರ್ನ್ ಹೊಡೆಯುತ್ತಾರೆ.

ವಿಷಯಕ್ಕೆ ಬರುತ್ತೇನೆ. ಅಂಗಡಿಯವರೇ ಮೊಳೆ ಚೆಲ್ಲುತ್ತಾರೆ ಎಂಬುದು ನಮ್ಮ ಅಚಲ ನಂಬಿಕೆ. ಒಂದು ಸಣ್ಣ ಪತ್ತೇದಾರಿ ಮಾಡಿ ನೋಡಿ. ಟಯರಿನಿಂದ ಕಿತ್ತ ಮೊಳೆಯನ್ನು ಅಂಗೈಯಲ್ಲಿಟ್ಟುಕೊಳ್ಳಿ. ಹೊಳೆಯುವ ನೇರ ಮೊಳೆ, ಒಂದೇ ಅಳತೆಯವು ಒಂದೇ ಜಾಗದಲ್ಲಿ ಹಲವರಿಗೆ ಸಿಕ್ಕಿವೆ ಎಂದಾದರೆ ಅಂಗಡಿಯ ಕಡೆ ನೋಡಿ. ಆದರೆ ಮುಂಬಯಿಯ ಟಯರುಗಳಿಂದ ಹೊರಬರುವ ಮೊಳೆ ಸಾಮಾನ್ಯವಾಗಿ ತುಕ್ಕು ಹಿಡಿದಿರುತ್ತದೆ, ನಡು ಬಾಗಿರುತ್ತದೆ, ಕುತ್ತಿಗೆಗೆ ಸಿಮೆಂಟು ಮೆತ್ತಿರುತ್ತದೆ. ಸಿಮೆಂಟು ಮೆತ್ತಿದ ಬಾಗಿದ ಮೊಳೆಯನ್ನು ಯಾವ ಅಂಗಡಿಯವನೂ ಕಿಲೋ ಲೆಕ್ಕದಲ್ಲಿ ಕೊಂಡು ತಂದು ಚೆಲ್ಲುವುದಿಲ್ಲ. ಅದು ಸೆಂಟರಿಂಗ್ ಹಲಗೆಯಿಂದ ಕಿತ್ತದ್ದು, ಒಡೆದ ಚೌಕಟ್ಟಿನಿಂದ ಉದುರಿದ್ದು, ರಾತ್ರಿ ಡಂಪರಿನಿಂದ ಜಾರಿದ್ದು.

ಡಂಪರು ಬಂದದ್ದೆಲ್ಲಿಂದ? ಚೆಂಬೂರು, ಘಾಟ್‌ಕೋಪರ್, ಮುಲುಂಡು, ಬೋರಿವಲಿ, ಗೋರೆಗಾಂವ್ ಎಲ್ಲೇ ನೋಡಿ, ನಾಲ್ಕು ಮಹಡಿಯ ಹಳೆಯ ಸೊಸೈಟಿ ಒಡೆದು ನಲವತ್ತು ಮಹಡಿ ಏರುತ್ತಿದೆ. 2019ರ ಜುಲೈಯ ಸರ್ಕಾರಿ ಆದೇಶದ ಮೇಲೆ ನೂರಕ್ಕೆ 51 ಸದಸ್ಯರು ಒಪ್ಪಿದರೆ ಸಾಕು, ರೀಡೆವಲಪ್‌ಮೆಂಟ್ ಮುಂದೆ ಹೋಗುತ್ತದೆ. ಅಂದರೆ ಮೊಳೆಯ ಹಿಂದೆ ಪ್ರಜಾಸತ್ತಾತ್ಮಕ ಬಹುಮತವಿದೆ. ಕಾರ್ಪಸ್ ಎಷ್ಟು, ಕಾರ್ಪೆಟ್ ಏರಿಯಾ ಎಷ್ಟು ಹೆಚ್ಚು ಸಿಗುತ್ತದೆ, ಬಾಡಿಗೆ ಎಷ್ಟು ಕೊಡುತ್ತಾನೆ, ಒಂದು ಪಾರ್ಕಿಂಗೋ ಎರಡೋ ಎಂದು ಚದರಡಿ ಚದರಡಿಗೂ ಹೋರಾಡುವ ನಮ್ಮ ಜನ, ಒಡೆದ ಗೋಡೆ ಯಾವ ದಾರಿಯಲ್ಲಿ ಎಲ್ಲಿಗೆ ಹೋಗುತ್ತದೆ ಎಂದು ಬಿಲ್ಡರನ್ನು ಕೇಳಿದ್ದನ್ನು ನಾನು ಕಂಡಿಲ್ಲ. ಅದು ಹೋಗುವುದು ನಮ್ಮ ಗೇಟಿನಿಂದ ನಮ್ಮ ರಸ್ತೆಗೆ, ಅಲ್ಲಿಂದ ನಮ್ಮ ಟಯರಿಗೆ. ಬಿಲ್ಡರು ಕೊಟ್ಟ ಕಾರ್ಪಸ್ಸಿನಿಂದ ಕೊಂಡ ಎರಡನೆಯ ಕಾರಿಗೆ ಬಿಲ್ಡರೇ ಒದಗಿಸಿದ ಮೊಳೆ. ಇದಕ್ಕೆ ಬೇಕಾದರೆ ಸಮಗ್ರ ಅಭಿವೃದ್ಧಿ ಎನ್ನಿ.

ಪಾಲಿಕೆ ಸುಮ್ಮನೆ ಕೂತಿಲ್ಲ. ಗಾಳಿ ಕೆಟ್ಟ ಮೇಲೆ 2023ರ ಅಕ್ಟೋಬರಿನಲ್ಲಿ ಮಾರ್ಗಸೂಚಿ ಹೊರಡಿಸಿತು, ಆಮೇಲೆ ಹೈಕೋರ್ಟೂ ಗದರಿತು. ಎತ್ತರದ ಕಟ್ಟಡದ ಸುತ್ತ 35 ಅಡಿಯ ತಗಡಿನ ಗೋಡೆ ನಿಲ್ಲಬೇಕು, ಅವಶೇಷ ಸಾಗಿಸುವ ವಾಹನಕ್ಕೆ ಹೊದಿಕೆ ಇರಬೇಕು, ಗೇಟಿನಲ್ಲಿ ಡಂಪರಿನ ಚಕ್ರ ತೊಳೆಯಬೇಕು. ಎಲ್ಲವೂ ದೂಳಿಗಾಗಿ. ಮೊಳೆ ದೂಳಲ್ಲ. ಗಾಳಿಯ ಗುಣಮಟ್ಟದ ಸೂಚ್ಯಂಕದಲ್ಲಿ ಅದು ತೋರುವುದಿಲ್ಲ, ಶ್ವಾಸಕೋಶಕ್ಕೆ ಇಳಿಯುವುದಿಲ್ಲ, ಹೈಕೋರ್ಟು ಅದನ್ನು ಉಸಿರಾಡಿಲ್ಲ. ಹಾಗಾಗಿ ಈಗ ಡಂಪರುಗಳು ಚಕ್ರ ತೊಳೆದುಕೊಂಡು ಸ್ವಚ್ಛವಾಗಿ ಬಂದು ಮೊಳೆ ಉದುರಿಸಿ ಹೋಗುತ್ತವೆ. ಗಣೇಶೋತ್ಸವದ ಮಂಟಪಕ್ಕೆ ರಸ್ತೆ ಅಗೆದರೆ ಗುಂಡಿಯೊಂದಕ್ಕೆ ಎರಡು ಸಾವಿರ ರೂಪಾಯಿ ದಂಡ. 2025ರಲ್ಲಿ ಅದನ್ನು ಹದಿನೈದು ಸಾವಿರಕ್ಕೆ ಏರಿಸಿ, ಮಂಡಳಗಳು ಗುಡುಗಿದ ಮೇಲೆ ಮತ್ತೆ ಎರಡು ಸಾವಿರಕ್ಕೆ ಇಳಿಸಿದರು. ಮಂಟಪ ಬಿಚ್ಚಿದ ಮೇಲೆ ರಸ್ತೆಯಲ್ಲಿ ಉಳಿಯುವ ಮೊಳೆಗೆ ಏರಿಸಲೂ ಇಳಿಸಲೂ ದಂಡವೇ ಇಲ್ಲ. ಮರಗಳಿಗೆ ಹೊಡೆದ ಮೊಳೆ ಕೀಳುವ ಅಭಿಯಾನ ಪುಣೆ, ಮುಂಬಯಿಗಳಲ್ಲಿ ನಡೆದಿದೆ, ಒಳ್ಳೆಯದು. ರಸ್ತೆಗೆ ಆ ಭಾಗ್ಯ ಬರಬೇಕಾದರೆ ಅದು ಮರವಾಗಿ ಹುಟ್ಟಬೇಕು.

ಬೆಂಗಳೂರಿನಲ್ಲಿ ಒಬ್ಬರಿದ್ದಾರೆ, ಬೆನೆಡಿಕ್ಟ್ ಜೇಬಕುಮಾರ್. ಎಂಜಿನಿಯರು. ಔಟರ್ ರಿಂಗ್ ರೋಡಿನಲ್ಲಿ ಆಫೀಸಿಗೆ ಹೋಗುವಾಗ ಮತ್ತೆ ಮತ್ತೆ ಪಂಕ್ಚರಾಗಿ ಬೇಸತ್ತು, ಕೋಲಿನ ತುದಿಗೆ ಅಯಸ್ಕಾಂತ ಕಟ್ಟಿಕೊಂಡು ವರ್ಷಗಟ್ಟಲೆ ಮೊಳೆ ಹೆಕ್ಕಿದರು. ಹತ್ತಾರು ಕಿಲೋ ಹೆಕ್ಕಿದರು. ಪತ್ರಿಕೆಗಳು ಫೋಟೋ ಹಾಕಿದವು, ಜನ ಮೆಚ್ಚಿದರು, ಮೆಚ್ಚಿದವರು ತಮ್ಮ ಕಾರಿನಲ್ಲಿ ಅವರ ಪಕ್ಕದಿಂದ ಹಾದು ಹೋದರು. ಮುಂಬಯಿಯಲ್ಲೂ ಅಯಸ್ಕಾಂತ ಎಳೆಯುವವರಿದ್ದಾರೆ. ದಾರಕ್ಕೆ ಅಯಸ್ಕಾಂತ ಕಟ್ಟಿ ಗಟಾರದ ಅಂಚಿನಲ್ಲಿ ಎಳೆದುಕೊಂಡು ಹೋಗುವ ಹುಡುಗರು. ಸಿಕ್ಕಿದ ಕಬ್ಬಿಣವನ್ನು ಗುಜರಿಯವನಿಗೆ ತೂಕಕ್ಕೆ ಹಾಕುತ್ತಾರೆ. ಕೋಟಿಗಟ್ಟಲೆ ಬಜೆಟ್ಟಿನ ಊರಿನಲ್ಲಿ ರಸ್ತೆಯಿಂದ ಮೊಳೆ ತೆಗೆಯುವ ಇಲಾಖೆ ಅದೊಂದೇ, ಅದನ್ನೂ ನಮ್ಮ ಸೊಸೈಟಿಯ ವಾಚ್‌ಮನ್ನರು ಗೇಟಿನ ಹತ್ತಿರ ಸುಳಿಯಲು ಬಿಡುವುದಿಲ್ಲ.

ಈಚೆಗೆ ಉಪನಗರದ ಒಂದು ಸೊಸೈಟಿಯ ವಿಶೇಷ ಸಾಮಾನ್ಯ ಸಭೆಯಲ್ಲಿ ಕೂರುವ ಭಾಗ್ಯ ಒದಗಿತ್ತು. ಸೊಸೈಟಿಯ ಹೆಸರು ಬೇಡ, ಎಲ್ಲ ಸೊಸೈಟಿಗಳಿಗೂ ಅದೇ ಹೆಸರು. ಕಾರ್ಯಸೂಚಿಯಲ್ಲಿ ಎರಡು ವಿಷಯ: ಒಂದು ಬಿಲ್ಡರ ಜೊತೆ ಕರಾರು, ಎರಡು ಗೇಟಿನ ಹೊರಗೆ ಪದೇ ಪದೇ ಆಗುವ ಪಂಕ್ಚರು. ಎರಡನೆಯದನ್ನೇ ಮೊದಲು ತೆಗೆದುಕೊಂಡರು, ಏಕೆಂದರೆ ಸಿಟ್ಟು ಅದರ ಮೇಲಿತ್ತು.

ಯುವ ಸದಸ್ಯನೊಬ್ಬ ಚಕ್ರವಿರುವ ಅಯಸ್ಕಾಂತದ ಗಾಡಿ ಕೊಳ್ಳೋಣ, ದಿನಾ ಬೆಳಿಗ್ಗೆ ಗೇಟಿನ ಮುಂದೆ ಒಮ್ಮೆ ದೂಡಿದರೆ ಮುಗಿಯಿತು ಎಂದ. ಬೆಲೆ ಕೆಲವೇ ಸಾವಿರ. ಖಜಾಂಚಿ ನಮ್ಮ ಕುಂದಾಪುರ ಕಡೆಯವರು, ಮೂವತ್ತು ವರ್ಷ ಹೋಟೆಲಿನ ಗಲ್ಲಾದಲ್ಲಿ ಕೂತವರು, ಅವರು ಎದ್ದರು.

"ಅಲ್ಲ ಮಾರಾಯ್ರೇ, ಯಾವ ಖಾತೆಯಿಂದ ಕೊಡುವುದು? ಸಿಂಕಿಂಗ್ ಫಂಡಿನಿಂದ ಕೊಟ್ಟರೆ ಆಡಿಟರ್ ಬಿಡ್ತಾರಾ? ರಿಪೇರಿ ಫಂಡಿನಿಂದ ಎಂದರೆ ರಸ್ತೆ ನಮ್ಮದಲ್ಲ."

"ಟಯರು ನಮ್ಮದಲ್ವಾ ಅಂಕಲ್?" ಎಂದ ಹುಡುಗ.

"ಟಯರು ನಿಂದು. ಎಲ್ಲರ ಹತ್ತಿರ ಕಾರಿಲ್ಲ ಮಾರಾಯಾ."

ಕಾರಿಲ್ಲದವರು ಚಪ್ಪಾಳೆ ತಟ್ಟಿದರು. ಗಾಡಿಯನ್ನು ದೂಡುವವರಾರು ಎಂಬ ಪ್ರಶ್ನೆ ಬಂತು. ವಾಚ್‌ಮನ್ ಎಂದರೆ ಅವನ ಏಜೆನ್ಸಿಯವರು ಹೆಚ್ಚಿಗೆ ಕೇಳುತ್ತಾರೆ. ಹೆಕ್ಕಿದ ಮೊಳೆ ಮಾರಿದ ದುಡ್ಡು ಸೊಸೈಟಿಯ ಆದಾಯವೋ ಅಲ್ಲವೋ, ಅದಕ್ಕೆ ತೆರಿಗೆ ಬೀಳುತ್ತದೋ ಎಂದು ನಿವೃತ್ತ ಬ್ಯಾಂಕಿನವರೊಬ್ಬರು ಕೇಳಿದರು. ಪಾಲಿಕೆಯ ರಸ್ತೆಯಿಂದ ಪಾಲಿಕೆಯ ಮೊಳೆ ಎತ್ತಿದರೆ ಕಳ್ಳತನವಾಗುವುದಿಲ್ಲವೇ ಎಂಬುದು ವಕೀಲ ಸದಸ್ಯರ ಆತಂಕ. ಹಿಂದಿನ ಸಾಲಿನಿಂದ ಒಬ್ಬ ಹೆಂಗಸು, ಮೂಲೆಯ ಪಂಕ್ಚರ್ ಅಂಗಡಿ ತೆಗೆಸಿಬಿಟ್ಟರೆ ಪಂಕ್ಚರೇ ನಿಲ್ಲುತ್ತದೆ ಎಂದರು. ಈ ಸಲಹೆಗೆ ಇಡೀ ಸಭೆ ತಲೆದೂಗಿತು. ವಾರ್ಡ್ ಆಫೀಸಿಗೆ ದೂರು ಕೊಡುವುದೆಂದು ಸರ್ವಾನುಮತದ ಠರಾವಾಯಿತು. ಅಯಸ್ಕಾಂತದ ವಿಷಯವನ್ನು ಮೂವರ ಉಪಸಮಿತಿಗೆ ಒಪ್ಪಿಸಿದರು.

ಆಮೇಲೆ ಬಿಲ್ಡರ ಕಡೆಯ ಹುಡುಗಿ ಲ್ಯಾಪ್‌ಟಾಪು ತೆರೆದು ಪರದೆಯ ಮೇಲೆ ಹೊಸ ಟವರು ತೋರಿಸಿದಳು. ಈಜುಕೊಳ, ಜಿಮ್ಮು, ಯೋಗದ ತಾರಸಿ, ವಿದ್ಯುತ್ ಕಾರಿಗೆ ಚಾರ್ಜಿಂಗು. ತಲಾ ಎಷ್ಟು ಚದರಡಿ ಹೆಚ್ಚು ಎಂಬ ಅಂಕಿ ಬಂದಾಗ ಕಾರಿದ್ದವರೂ ಇಲ್ಲದವರೂ ಒಟ್ಟಿಗೇ ಉಸಿರು ಬಿಟ್ಟರು. ಅವಶೇಷ ಸಾಗಿಸುವ ವಿಧಾನ ಎಂಬ ಹಾಳೆ ಬರುವ ಹೊತ್ತಿಗೆ ಸಮೋಸಾ ಬಂದಿತ್ತು. ಅದನ್ನು ಓದಿದ್ದಾರೆಂದು ಭಾವಿಸುವುದು ಎಂದು ಯಾರೋ ಸೂಚಿಸಿದರು, ಇನ್ಯಾರೋ ಅನುಮೋದಿಸಿದರು. ಅಯಸ್ಕಾಂತದ ಹುಡುಗನೇ ಎಲ್ಲರಿಗಿಂತ ಮೊದಲು ಸಹಿ ಹಾಕಿದ. ಅವನಿಗೆ ಎರಡು ಪಾರ್ಕಿಂಗ್ ಬರುತ್ತದೆ.

ಸಭೆ ಮುಗಿಯುವಾಗ ಕಾರ್ಯದರ್ಶಿ ಮೈಕು ಹಿಡಿದು ಕೊನೆಯ ಸೂಚನೆ ಹೇಳಿದರು. ಖಾಲಿ ಮಾಡಿಸಿದ ಹಿಂದಿನ ವಿಂಗನ್ನು ಸೋಮವಾರದಿಂದ ಒಡೆಯುತ್ತಾರೆ, ಡಂಪರುಗಳಿಗೆ ಒಳಗೆ ಜಾಗ ಬೇಕು, ಸದಸ್ಯರು ದಯವಿಟ್ಟು ತಮ್ಮ ಕಾರುಗಳನ್ನು ಗೇಟಿನ ಹೊರಗೆ ರಸ್ತೆಯಲ್ಲಿ ನಿಲ್ಲಿಸಿಕೊಳ್ಳಬೇಕು.